ಗಾಳಿಯ ದಾರಿ

1918ನೆಯ ಇಸವಿಯಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಪೈಕ್ಸ್ ಪೀಕ್ ಎಂಬ ಬೆಟ್ಟದ ತುದಿಗೆ ಒಂದು ವಿಮಾನದ ಎಂಜಿನನ್ನು ಲಾರಿಯ ಮೇಲೆ ಹೇರಿಕೊಂಡು ಹೋದರು. ಬೆಟ್ಟದ ಎತ್ತರ ಹದಿನಾಲ್ಕು ಸಾವಿರ ಅಡಿಗಳಿಗೂ ಮಿಗಿಲು. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿಯನ್ನು ಕೊಡುತ್ತಿದ್ದ ಆ ಲಿಬರ್ಟಿ ಎಂಜಿನ್ ಅಲ್ಲಿ ಸುಮಾರು 230 ಅಶ್ವಶಕ್ತಿಯನ್ನಷ್ಟೇ ಕೊಟ್ಟಿತು. ಎಂಜಿನ್ ಕೆಟ್ಟಿರಲಿಲ್ಲ, ಇಂಧನದಲ್ಲಿ ಕಲಬೆರಕೆಯೂ ಇರಲಿಲ್ಲ. ಬೆಟ್ಟದ ಮೇಲಿನ ಗಾಳಿ ತೆಳುವಾಗಿತ್ತು, ಅಷ್ಟೆ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್ ತಾನು ಸಿದ್ಧಪಡಿಸಿದ್ದ ಒಂದು ಉಪಕರಣವನ್ನು ಅದಕ್ಕೆ ಜೋಡಿಸಿದನು. ಅದೇ ಎಂಜಿನ್, ಅದೇ ಬೆಟ್ಟದ ಮೇಲೆ, 356 ಅಶ್ವಶಕ್ತಿಯನ್ನು ಕೊಟ್ಟಿತು.

ಎಂಜಿನ್ ಇಂಧನದಿಂದ ನಡೆಯುತ್ತದೆ ಎಂದು ಹೇಳುವುದು ವಾಡಿಕೆ. ಇದು ಅರ್ಧ ಸತ್ಯ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಹೆಚ್ಚುಕಡಿಮೆ 14.7 ಕಿಲೋಗ್ರಾಂ ಗಾಳಿ ಬೇಕು. ಇಂಧನವನ್ನು ಪಂಪಿನಿಂದ ಬೇಕಾದಷ್ಟು ನೂಕಬಹುದು. ಗಾಳಿಯಾದರೋ ವಾಯುಮಂಡಲದ ಒತ್ತಡದಿಂದ ತಾನಾಗಿ ಎಷ್ಟು ಒಳಹೊಗುವುದೋ ಅಷ್ಟೇ. ಕಮ್ಮಾರನ ಕುಲುಮೆಯಲ್ಲಿ ಇದ್ದಿಲು ಎಷ್ಟಿದ್ದರೇನು, ತಿದಿಯೊತ್ತದೆ ಕಬ್ಬಿಣ ಕೆಂಪಗಾಗದು. ಎಂಜಿನ್ನಿಗೂ ಒಂದು ತಿದಿ ಬೇಕು. ಆ ತಿದಿಯನ್ನು ಹೊರಹೋಗುವ ಹೊಗೆಯಿಂದಲೇ ಒತ್ತಿಸಬಹುದೆಂದು ಕಂಡುಕೊಂಡು 1905ರಲ್ಲಿ ಪೇಟೆಂಟ್ ಪಡೆದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ. ಇದೇ ಇಂದಿನ ಟರ್ಬೊ. ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಸೆಳೆದು, ಅಮುಕಿ, ಎಂಜಿನ್ನಿಗೆ ತಳ್ಳುತ್ತದೆ. ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲುದು. ಅದನ್ನು ಹೊತ್ತಿರುವುದು ಎಣ್ಣೆಯ ಒಂದು ತೆಳುಪದರ ಮಾತ್ರ. ಹೀಗೆ ವಾಯುಮಂಡಲದ ಒತ್ತಡಕ್ಕಿಂತ ಹೆಚ್ಚಾಗಿ ದೊರೆಯುವ ಒತ್ತಡಕ್ಕೆ ಬೂಸ್ಟ್ ಎಂದು ಹೆಸರು.

ಮಾರಾಟದ ಕಾರುಗಳಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದಲ್ಲಿಯೇ. ಆ ವರ್ಷದ ಎರಡು ಕಾರುಗಳಲ್ಲಿ ಒಂದಾದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನ ಕಥೆ ಸ್ವಾರಸ್ಯವಾದುದು. ಅದರ ಎಂಜಿನ್ನಿನಲ್ಲಿ ಬೂಸ್ಟ್ ಹೆಚ್ಚಾದಾಗ ಪೆಟ್ರೋಲು ಅಕಾಲದಲ್ಲಿ ಸಿಡಿದು ಪಿಸ್ಟನ್ನುಗಳಿಗೆ ಹಾನಿಯಾಗುವ ಭಯವಿತ್ತು. ಇದನ್ನು ತಡೆಯಲು ಶುದ್ಧ ನೀರು ಮತ್ತು ಮೆಥನಾಲ್ ಬೆರೆಸಿದ ಒಂದು ದ್ರವವನ್ನು ಗಾಳಿಯೊಡನೆ ಸಿಂಪಡಿಸುವ ವ್ಯವಸ್ಥೆ ಮಾಡಿದ್ದರು. ದ್ರವದ ಪಾತ್ರೆಯನ್ನು ಆಗಾಗ ತುಂಬಿಸಬೇಕಿತ್ತು. ಅನೇಕ ಮಾಲೀಕರು ಮರೆತರು. ಪಾತ್ರೆ ಬರಿದಾದೊಡನೆ ಒಂದು ಕವಾಟ ಬೂಸ್ಟನ್ನು ತಾನೇ ತಗ್ಗಿಸುತ್ತಿತ್ತು. ಕಾರಿನ ಕಸುವು ಕುಂದುತ್ತಿತ್ತು. ಮಾಲೀಕರಿಗೆ ಇದು ದೋಷವಾಗಿ ಕಂಡಿತು. ನಿಜವಾಗಿ ಅದು ರಕ್ಷಣೆ. ಕೊನೆಗೆ 1965ರಲ್ಲಿ ಕಂಪನಿಯೇ ಬಯಸಿದವರ ಕಾರುಗಳಿಂದ ಟರ್ಬೊ ತೆಗೆದು ಸಾಧಾರಣ ಕಾರ್ಬ್ಯುರೇಟರನ್ನು ಹಾಕಿಕೊಡಲು ಮುಂದಾಯಿತು.

ಇಂದಿನ ಕಾರುಗಳಲ್ಲಿ ಅಂತಹ ಪಾತ್ರೆಯಿಲ್ಲ. ಅದರ ಸ್ಥಾನದಲ್ಲಿ ಒಂದು ಪುಟ್ಟ ಕಂಪ್ಯೂಟರ್ ಕುಳಿತಿದೆ. ಬೂಸ್ಟ್ ಎಷ್ಟಿರಬೇಕೆಂದು ಅದು ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ. ಎಷ್ಟಿದೆಯೆಂಬುದನ್ನು ಸೆನ್ಸರ್ ಅದಕ್ಕೆ ತಿಳಿಸುತ್ತದೆ. ಇವೆರಡಕ್ಕೂ ಬಹಳ ಅಂತರ ಬಿದ್ದರೆ ದೀಪ ಹೊತ್ತಿಸಿ, ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ, ಒಂದು ಸಂಕೇತವನ್ನು ಬರೆದಿಡುತ್ತದೆ. ಪಿ 0299 ಎಂದಿದ್ದರೆ ಬೂಸ್ಟ್ ಕಡಿಮೆ. ಪಿ 0234 ಎಂದಿದ್ದರೆ ಹೆಚ್ಚು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೂಸ್ಟ್ ಕಡಿಮೆ ಎಂದು ಸಂಕೇತ ಹೇಳುತ್ತದೆಯೇ ಹೊರತು ಟರ್ಬೊ ಕೆಟ್ಟಿದೆ ಎಂದು ಹೇಳುವುದಿಲ್ಲ. ಈ ಭೇದವನ್ನು ಅರಿಯದವರು ಒಡನೆಯೇ ಬಹಳ ಬೆಲೆಯ ಹೊಸ ಟರ್ಬೊವನ್ನು ತರಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಹಣ ಹೋಗುತ್ತದೆ, ದೀಪ ಮತ್ತೆ ಹೊತ್ತುತ್ತದೆ.

ಡೀಸೆಲ್ ಕಾರೊಂದು ದಿಬ್ಬ ಹತ್ತುವಾಗ ಎಳೆಯುವುದಿಲ್ಲ, ಕಪ್ಪು ಹೊಗೆ ಬಿಡುತ್ತದೆ ಎಂಬ ದೂರಿನೊಡನೆ ಗ್ಯಾರೇಜಿಗೆ ಬಂದಿದೆಯೆಂದು ಭಾವಿಸಬಹುದು. ಕಪ್ಪು ಹೊಗೆಯೇ ಮೊದಲ ಸಾಕ್ಷಿ: ಇಂಧನಕ್ಕೆ ತಕ್ಕ ಗಾಳಿ ದೊರೆಯುತ್ತಿಲ್ಲ. ಬಲ್ಲ ಮೆಕ್ಯಾನಿಕ್ ಆಗಲೂ ಸ್ಪ್ಯಾನರಿಗೆ ಕೈಹಾಕುವುದಿಲ್ಲ. ಸಾಕ್ಷಿ ನುಡಿಯುವ ಸೆನ್ಸರ್ ನಿಜ ಹೇಳುತ್ತಿದೆಯೇ ಎಂಬುದನ್ನು ಪರೀಕ್ಷಿಸುತ್ತಾನೆ. ಎಂಜಿನ್ನನ್ನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ, ಸ್ಕ್ಯಾನರ್ ಯಂತ್ರದಲ್ಲಿ ಸೆನ್ಸರಿನ ಅಂಕಿಯನ್ನು ಓದುತ್ತಾನೆ. ಆಗ ಅದು ತೋರಿಸಬೇಕಾದುದು ಆ ಊರಿನ ವಾಯುಮಂಡಲದ ಒತ್ತಡವನ್ನಷ್ಟೆ. ಇದು ಊರಿಂದೂರಿಗೆ ಬೇರೆ. ಕಡಲತೀರದ ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಬೆಂಗಳೂರಿನಲ್ಲಿ ನಿಂತ ಕಾರು 91ನ್ನು ತೋರಿಸಿದರೆ ಸೆನ್ಸರನ್ನು ನಂಬಬಹುದು. 130 ಎಂದು ತೋರಿಸಿದರೆ ಅದು ಸುಳ್ಳುಸಾಕ್ಷಿ. ಈ ಅಂಕಿ ವಾಯುಮಂಡಲದ ಒತ್ತಡವನ್ನೂ ಒಳಗೊಂಡದ್ದೆಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲಿ ಸ್ಕ್ಯಾನರ್ 191 ಎಂದರೆ ಬೂಸ್ಟ್ 100 ಮಾತ್ರ. ಒಬ್ಬನು 191 ಎಂದೂ ಇನ್ನೊಬ್ಬನು 100 ಎಂದೂ ವಾದಿಸುವುದುಂಟು, ಇಬ್ಬರೂ ಸರಿಯೇ.

ಅನಂತರ ಕಾರನ್ನು ರಸ್ತೆಗೆ ಒಯ್ಯಬೇಕು. ನಿಂತಲ್ಲೇ ಮೆಲ್ಲನೆ ನಡೆಯುವ ಎಂಜಿನ್ ಬೂಸ್ಟ್ ಹುಟ್ಟಿಸುವಷ್ಟು ಹೊಗೆಯನ್ನು ಕೊಡುವುದೇ ಇಲ್ಲ. ಆದುದರಿಂದ ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಿರ್ಜನವಾದ ಏರುದಾರಿಯಲ್ಲಿ ಭಾರ ಬಿದ್ದಾಗ ಒಬ್ಬನು ಓಡಿಸುತ್ತ, ಇನ್ನೊಬ್ಬನು ಕಂಪ್ಯೂಟರ್ ಬಯಸಿದ ಒತ್ತಡವನ್ನೂ ದೊರೆತ ಒತ್ತಡವನ್ನೂ ಹೋಲಿಸಿ ನೋಡಬೇಕು. ಓಡಿಸುವವನೇ ಅಂಕಿ ಓದುವುದು ಅಪಾಯಕರ.

ದೊರೆತದ್ದು ಕಡಿಮೆಯೆಂದು ಖಚಿತವಾದ ಮೇಲೆ ಗಾಳಿ ಬರುವ ದಾರಿಯನ್ನೇ ಹಿಡಿದು ಹೊರಡಬೇಕು. ದಾರಿಯ ಬಾಗಿಲಲ್ಲಿ ಏರ್ ಫಿಲ್ಟರ್ ಇದೆ. ಅದು ಧೂಳು ಕಟ್ಟಿಕೊಂಡಿದೆಯೇ ಎಂದು ನೋಡಲು ಐದು ನಿಮಿಷ ಸಾಕು. ಟರ್ಬೊದಿಂದ ಹೊರಟ ಗಾಳಿ ಅಮುಕಿದ್ದರಿಂದ ಬಿಸಿಯಾಗಿರುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ದಪ್ಪ ರಬ್ಬರ್ ಕೊಳವೆಗಳಿವೆ. ಅವುಗಳ ತುದಿಗಳಲ್ಲಿ ಕ್ಲಿಪ್ಪುಗಳಿವೆ. ಹೆಚ್ಚಿನ ಕಳವು ನಡೆಯುವುದು ಇಲ್ಲಿಯೇ. ಈ ಗಾಳಿಯೊಡನೆ ಎಣ್ಣೆಯ ಆವಿ ಸ್ವಲ್ಪ ಬೆರೆತಿರುವುದರಿಂದ, ಸೋರುವ ಜಾಗದ ಸುತ್ತ ಜಿಡ್ಡುಜಿಡ್ಡಾದ ಧೂಳು ಅಂಟಿಕೊಂಡು ಕಳ್ಳನ ಹೆಜ್ಜೆಗುರುತನ್ನು ತೋರಿಸುತ್ತದೆ. ಕೆಲವು ಸೀಳುಗಳು ಒತ್ತಡ ಬಿದ್ದಾಗ ಮಾತ್ರ ತುಟಿ ತೆರೆಯುತ್ತವೆ. ಅವುಗಳಿಗಾಗಿ ದಾರಿಯ ಬಾಯಿಯನ್ನು ಮುಚ್ಚಿ, ಹೊರಗಿನಿಂದ ಮಿತವಾದ ಒತ್ತಡದಲ್ಲಿ ಗಾಳಿ ತುಂಬಿ, ಸಾಬೂನಿನ ನೀರನ್ನು ಸವರಬೇಕು. ಸೈಕಲ್ಲಿನ ಟ್ಯೂಬಿಗೆ ಪಂಕ್ಚರ್ ಹಾಕುವವನ ವಿದ್ಯೆಯೇ ಇದು. ಗುಳ್ಳೆ ಎದ್ದಲ್ಲಿ ತೂತು.

ಗಾಳಿಯ ದಾರಿ ನಿರ್ದೋಷವಾಗಿದ್ದರೆ ಟರ್ಬೊವನ್ನು ಹತೋಟಿಯಲ್ಲಿಡುವ ಭಾಗಗಳ ಸರದಿ. ಇಲ್ಲಿ ಅವಸರ ಕೂಡದು. ಕೆಲವು ಎಂಜಿನ್ನುಗಳಲ್ಲಿ ವೇಸ್ಟ್‌ಗೇಟ್ ಎಂಬ ಕಿರುಬಾಗಿಲನ್ನು ಬೂಸ್ಟಿನ ಒತ್ತಡವೇ ತೆರೆದು, ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಾಗದಂತೆ ಹೊರಬಿಡುತ್ತದೆ. ಆ ಒತ್ತಡವನ್ನು ಒಯ್ಯುವ ಸಣ್ಣ ಕೊಳವೆ ಕಳಚಿದರೆ ಬಾಗಿಲು ತೆರೆಯುವುದೇ ಇಲ್ಲ, ಬೂಸ್ಟ್ ಮಿತಿಮೀರುತ್ತದೆ. ಎಷ್ಟೋ ಡೀಸೆಲ್ ಕಾರುಗಳಲ್ಲಾದರೋ ಹೊಗೆಯ ವೇಗವನ್ನು ಹೊಂದಿಸುವ ಅಲಗುಗಳನ್ನು ನಿರ್ವಾತದ ಸೆಳೆತದಿಂದ ಮುಚ್ಚುತ್ತಾರೆ. ಅಲ್ಲಿ ಅಂಥದೇ ಕೊಳವೆ ಹರಿದರೆ ಅಲಗುಗಳು ತೆರೆದೇ ಉಳಿದು ಬೂಸ್ಟ್ ಕುಸಿಯುತ್ತದೆ. ಹರಿದದ್ದು ಒಂದೇ ಬಗೆಯ ಕೊಳವೆ. ಫಲ ಮಾತ್ರ ಒಂದಕ್ಕೊಂದು ವಿರುದ್ಧ. ಯಂತ್ರದ ರಚನೆಯನ್ನು ತಿಳಿಯದೆ ಕೇವಲ ಅನುಭವದ ಬಲದಿಂದ ತೀರ್ಪು ಕೊಡುವವನು ಎಡವುವುದು ಇಲ್ಲಿ.

ಟರ್ಬೊವೇ ಸವೆದಿರುವುದೂ ಉಂಟು. ಚಕ್ರದ ಅಂಚು ಗೂಡಿನ ಗೋಡೆಗೆ ಉಜ್ಜಿದ ಗುರುತಿದ್ದರೆ, ಎಸಳುಗಳು ಮುರಿದಿದ್ದರೆ, ಅದನ್ನು ಬದಲಿಸದೆ ಗತ್ಯಂತರವಿಲ್ಲ. ಆದರೆ ಅದು ಸತ್ತದ್ದೇಕೆ ಎಂಬುದನ್ನು ವಿಚಾರಿಸಬೇಕು. ಎಣ್ಣೆ ತರುವ ಕೊಳವೆ ಕರಿಕಟ್ಟಿ ಮುಚ್ಚಿಹೋಗಿದ್ದರೆ ಹೊಸ ಟರ್ಬೊವೂ ಎಣ್ಣೆಯಿಲ್ಲದೆ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ದಿಬ್ಬ ಹತ್ತಲಾರದೆ ಬಂದ ಕಾರಿನಲ್ಲಿ ಅಷ್ಟು ದೂರ ಹೋಗಬೇಕಾಗದೆಯೂ ಇರಬಹುದು. ಫಿಲ್ಟರ್ ಚೊಕ್ಕಟವಾಗಿದೆ, ಸೆನ್ಸರ್ 91 ಎನ್ನುತ್ತಿದೆ. ಇಂಟರ್‌ಕೂಲರಿನ ಕೆಳಗಿನ ಕೊಳವೆಯನ್ನು ಮೇಲಿನಿಂದ ನೋಡಿದರೆ ಹೊಸದರಂತಿದೆ. ಅಡಿಯಲ್ಲಿ ಕೈಯಾಡಿಸಿದಾಗ ಬೆರಳಿಗೆ ಜಿಡ್ಡು ತಾಗುತ್ತದೆ, ಸಾಬೂನಿನ ನೀರು ಬಿದ್ದೊಡನೆ ಅಂಗುಲದುದ್ದದ ಸೀಳಿನಿಂದ ನೊರೆ ಉಕ್ಕುತ್ತದೆ. ಕೊಳವೆಯನ್ನು ಬದಲಿಸಿ, ಸಂಕೇತವನ್ನು ಅಳಿಸಿ, ಕಾರನ್ನು ಮತ್ತೆ ಅದೇ ಏರುದಾರಿಗೆ ಒಯ್ಯುತ್ತಾರೆ. ಸ್ಕ್ಯಾನರಿನಲ್ಲಿ ಬಯಸಿದ ಒತ್ತಡದ ಗೆರೆಯೂ ದೊರೆತ ಒತ್ತಡದ ಗೆರೆಯೂ ಜೊತೆಜೊತೆಯಾಗಿ ಮೇಲೇರುತ್ತವೆ, ಹಿಂದೆ ಹೊಗೆಯಿಲ್ಲ.