ಕೆಟ್ಟದ್ದು ಕಪ್ಲರ್, ಮಿಕ್ಸಿಯಲ್ಲ

ಹೋಳಿಗೆಯ ಹೂರಣ ರುಬ್ಬುವಾಗ ಮಿಕ್ಸಿ ಗಕ್ಕನೆ ನಿಂತರೆ ನೀವು ಮೊದಲು ಮಾಡುವ ಕೆಲಸ ಏನು ಹೇಳಿ? ಮೊಬೈಲಿನಲ್ಲಿ ಹೊಸ ಮಿಕ್ಸಿಯ ಆಫರ್ ಹುಡುಕುವುದು. ಸ್ವಲ್ಪ ತಾಳಿ. ಪ್ಲಗ್ ಕಿತ್ತು, ಜಾರ್ ತೆಗೆದಿಟ್ಟು, ಮಿಕ್ಸಿಯ ತಳ ನೋಡಿ. ಬಹಳಷ್ಟು ಮಿಕ್ಸಿಗಳಿಗೆ ಅಲ್ಲೊಂದು ಪುಟ್ಟ ಕೆಂಪು ಗುಂಡಿ ಇರುತ್ತದೆ. ಮೋಟಾರಿಗೆ ಭಾರ ಹೆಚ್ಚಾದರೆ ಅದು ತಾನಾಗಿ ಹೊರಗೆ ಬಂದು ಕರೆಂಟು ತಪ್ಪಿಸುತ್ತದೆ. ಮೋಟಾರು ತಣ್ಣಗಾಗಲು ಬಿಡಿ, ಅರ್ಧ ಹೂರಣ ತೆಗೆಯಿರಿ, ಗುಂಡಿ ಒತ್ತಿ. ಮೋಟಾರು ಗುಂಯ್‌ಗುಡುತ್ತಿದ್ದು ಬ್ಲೇಡು ಮಾತ್ರ ತಿರುಗದಿದ್ದರೆ ಹೆಚ್ಚಾಗಿ ಮೋಟಾರಿಗೂ ಜಾರಿಗೂ ಕೊಂಡಿಯಾದ ಕಪ್ಲರಿನ ಹಲ್ಲು ಸವೆದಿರುತ್ತದೆ. ಅಷ್ಟಕ್ಕೇ ಮಿಕ್ಸಿಯನ್ನು ಗುಜರಿಗೆ ಹಾಕುವುದೇ? ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ!

ತಪ್ಪೆಲ್ಲ ನಿಮ್ಮದೇ ಎನ್ನುತ್ತಿಲ್ಲ. ಬೇಗ ಕೆಡಲೆಂದೇ ವಸ್ತು ಮಾಡುವ ಬುದ್ಧಿ ಹಳೆಯದು. 1924ರಲ್ಲಿ ಓಸ್ರಾಂ, ಫಿಲಿಪ್ಸ್ ಮೊದಲಾದ ಬಲ್ಬು ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡವು. ಸಾಮಾನ್ಯವಾಗಿ 1500ರಿಂದ 2000 ಗಂಟೆ ಉರಿಯುತ್ತಿದ್ದ ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ಇಳಿಸಿದವು. ಅದಕ್ಕಿಂತ ಹೆಚ್ಚು ಬಾಳುವ ಬಲ್ಬು ಮಾಡಿದ ಸದಸ್ಯರಿಗೆ ದಂಡ! ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ದಂಡ ಹಾಕುವುದು ಎಂಥ ಅನ್ಯಾಯ ನೋಡಿ.

ಫೋನಿನ ವಿಷಯಕ್ಕೆ ಬನ್ನಿ. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದಾಗಿ ಆಪಲ್ 2017ರಲ್ಲಿ ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಎಂದು ಹಾಗೆ ಮಾಡಿದೆವು ಎಂಬುದು ಅವರ ಸಮಜಾಯಿಷಿ. ಇದನ್ನು ಗ್ರಾಹಕರಿಗೆ ತಿಳಿಸಲಿಲ್ಲವೆಂದು ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ವಿಧಿಸಿತು. ಬ್ಯಾಟರಿ ಬದಲಿಸಿದರೆ ಆ ಫೋನುಗಳ ವೇಗ ಮರಳುತ್ತಿತ್ತು. ಆದ್ದರಿಂದ ನಿಮ್ಮ ಫೋನು ಮಂದವಾದರೆ ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ರಾತ್ರಿಯಿಡೀ ದಿಂಬಿನ ಕೆಳಗೆ ಚಾರ್ಜಿಗೆ ಹಾಕುವುದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟುಹೋಗುವುದು, ಇವನ್ನಂತೂ ಇಂದೇ ನಿಲ್ಲಿಸಿ. ಬ್ಯಾಟರಿಗೆ ಕಾವು ಆಗಿಬರುವುದಿಲ್ಲ.

ಕೊಳ್ಳುವಾಗ ಬಣ್ಣಕ್ಕೆ, ಎಕ್ಸ್‌ಚೇಂಜ್ ಆಸೆಗೆ ಮರುಳಾಗಬೇಡಿ, ಬೆಳ್ಳಗಿರುವುದೆಲ್ಲ ಹಾಲಲ್ಲ. ಬಿಡಿಭಾಗ ಸಿಗುತ್ತದೆಯೇ, ನಿಮ್ಮೂರಲ್ಲಿ ಸರ್ವೀಸ್ ಇದೆಯೇ, ಬಿಚ್ಚಲು ಸ್ಕ್ರೂ ಇದೆಯೇ ಅಥವಾ ಎಲ್ಲವನ್ನೂ ಅಂಟಿಸಿಬಿಟ್ಟಿದ್ದಾರೆಯೇ, ಅಂಗಡಿಯವರನ್ನು ಕೇಳಿ. ಸಂಕೋಚ ಬೇಡ, ದುಡ್ಡು ನಿಮ್ಮದು. ಬಿಲ್ಲಿನ ಫೋಟೊ ತೆಗೆದಿಡಿ, ಆ ನುಣುಪು ಕಾಗದದ ಅಕ್ಷರ ವಾರಂಟಿ ಮುಗಿಯುವ ಮೊದಲೇ ಮಾಸಿಹೋಗಬಹುದು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆದಿದೆ. ಕಂಪನಿಯವರು ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಸುಮ್ಮನೆ ಗೊಣಗುತ್ತ ಕೂರಬೇಡಿ.

ಹಾಗೆಂದು ಎಲ್ಲಕ್ಕೂ ರಿಪೇರಿಯ ಹಟ ಹಿಡಿಯಬೇಡಿ. ಷಾಕ್ ಹೊಡೆಯುವ ಗೀಸರನ್ನು ಒಂದು ದಿನವೂ ಬಳಸಬೇಡಿ, ತಿಳಿದವರಿಗೆ ತೋರಿಸಿ, ಆಗದು ಎಂದರೆ ಬಿಟ್ಟುಬಿಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ಮನೆಯ ಕಸದ ಬುಟ್ಟಿಗಂತೂ ಬೇಡವೇ ಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ನೀವೇ ಒಯ್ದು ಕೊಡಿ.