ಸಾಕುನಾಯಿಯ ಕಿವಿ ರೋಗಗಳು: ಗುರುತು ಮತ್ತು ಆರೈಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟಿಗರ ಮನೆಯಲ್ಲಿ ನಾಯಿ ಬರಿಯ ಮುದ್ದಿನ ಪ್ರಾಣಿಯಲ್ಲ. ತೋಟಕ್ಕಿಳಿಯುವ ಮಂಗ, ಗದ್ದೆಗೆ ನುಗ್ಗುವ ಹಂದಿಗಳನ್ನು ಓಡಿಸುವ ಕಾವಲುಗಾರ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅದರ ಮೈ ಪೂರ್ತಿ ಒಣಗುವ ದಿನಗಳೇ ಕಡಿಮೆ. ಜೋಲುಕಿವಿಯ ನಾಯಿಗಳಲ್ಲಂತೂ ಗಾಳಿಯಾಡದೆ ತೇವ ನಿಂತು ಕಿವಿಯಲ್ಲಿ ಶಿಲೀಂಧ್ರ ಹಾಗೂ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ.

ನಾಯಿಯ ಕಿವಿನಾಳ ಮೊದಲು ಕೆಳಕ್ಕಿಳಿದು, ಅನಂತರ ಒಳಕ್ಕೆ ತಿರುಗುತ್ತದೆ. ಆದ್ದರಿಂದ ಒಳಹೊಕ್ಕ ನೀರು, ಕಸ, ಹುಲ್ಲಿನ ಮುಳ್ಳು ತಾನಾಗಿ ಹೊರಬರುವುದು ಕಷ್ಟ. ಕಡ್ಡಿಗೆ ಹತ್ತಿ ಸುತ್ತಿ ತಿರುವಿದರೆ ಕೊಳೆ ಇನ್ನಷ್ಟು ಒಳಕ್ಕೆ ಹೋಗುತ್ತದೆ.

ಆರೋಗ್ಯವಂತ ಕಿವಿಯ ಒಳಭಾಗ ತಿಳಿಗೆಂಪಾಗಿದ್ದು ವಾಸನೆ ಇರುವುದಿಲ್ಲ. ನಾಯಿ ಪದೇ ಪದೇ ತಲೆ ಕೊಡವುವುದು, ಕಿವಿ ಕೆರೆದುಕೊಳ್ಳುವುದು, ಮುಟ್ಟಿದರೆ ಗುರ್ ಎನ್ನುವುದು ಮೊದಲ ಲಕ್ಷಣಗಳು. ಕಂದು ಬಣ್ಣದ ಜಿಡ್ಡು ಮತ್ತು ಮುಗ್ಗಲು ವಾಸನೆ ಇದ್ದರೆ ಸಾಮಾನ್ಯವಾಗಿ ಶಿಲೀಂಧ್ರ. ಹಳದಿ ಕೀವು ಇದ್ದರೆ ಬ್ಯಾಕ್ಟೀರಿಯಾ. ಕಾಫಿಪುಡಿಯಂತಹ ಕಪ್ಪು ಹುಡಿ ಮರಿಗಳಲ್ಲೂ ಬೆಕ್ಕುಗಳಲ್ಲೂ ಕಂಡರೆ ನುಸಿ ಎಂದು ಸಂಶಯಪಡಬೇಕು. ಇದು ತೆಂಗಿನಕಾಯಿಗೆ ಬರುವ ನುಸಿಯ ದೂರದ ನೆಂಟ. ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹರಡುವುದರಿಂದ ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಮೊಟ್ಟೆಗಳು ಆಮೇಲೆ ಒಡೆಯುವುದರಿಂದ ಒಂದೇ ಸಲದ ಔಷಧಿ ಸಾಲದು.

ಎಲ್ಲಕ್ಕಿಂತ ಕೆಟ್ಟದ್ದು ಹುಳ ಬೀಳುವುದು. ಕಿವಿಯ ಅಂಚಿನ ಸಣ್ಣ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಮರಿ ಹೊರಬಂದು ಮಾಂಸ ಕೊರೆಯತೊಡಗುತ್ತದೆ. ಕೊಳೆತ ವಾಸನೆ, ರಕ್ತ ಬೆರೆತ ನೀರು, ನಾಯಿ ಕೊಟ್ಟಿಗೆಯ ಮೂಲೆಯಲ್ಲಿ ಅಡಗಿ ಮಲಗುವುದು ಇದರ ಲಕ್ಷಣ. ಹೊರಗಾಯಕ್ಕೆ ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿ ಇಡುವ ರೂಢಿಯಿದೆ. ಆದರೆ ಅದನ್ನು ಕಿವಿಯ ತೂತಿಗೆ ಸುರಿಯಬಾರದು. ಹುಳಗಳನ್ನು ಪಶುವೈದ್ಯರಿಂದಲೇ ತೆಗೆಸುವುದು ಲೇಸು.

ಬೇಸಾಯಶಾಸ್ತ್ರದವನಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕೊಳೆರೋಗಕ್ಕೆಂದು ತಂದ ಮೈಲುತುತ್ತ, ಬೆಳೆಗೆ ಹೊಡೆಯುವ ಕೀಟನಾಶಕ, ಫಿನೈಲ್, ಸೀಮೆಎಣ್ಣೆ ಇವು ಯಾವುವೂ ಕಿವಿಗೆ ಔಷಧಿಯಲ್ಲ. ನಾಯಿ ಮೈ ನೆಕ್ಕಿದರೆ ಕೀಟನಾಶಕ ಹೊಟ್ಟೆ ಸೇರುತ್ತದೆ. ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ಬೆಕ್ಕಿಗೆ ವಿಷ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಕಾದಾರಿದ ನೀರಿನಲ್ಲಿ ಹತ್ತಿ ಅದ್ದಿ ಹಿಂಡಿ, ಕಣ್ಣಿಗೆ ಕಾಣುವಷ್ಟು ಭಾಗವನ್ನು ಒರೆಸುವುದು, ಮಳೆಯಲ್ಲಿ ನೆನೆದು ಬಂದಾಗ ಒಣಬಟ್ಟೆಯಿಂದ ಕಿವಿಯೊಣಗಿಸುವುದು. ತಲೆ ಒಂದು ಕಡೆ ವಾಲಿದ್ದರೆ, ನಡಿಗೆ ತಪ್ಪುತ್ತಿದ್ದರೆ ಕಿವಿ ತಮಟೆ ಒಡೆದು ರೋಗ ಒಳಗಿವಿಗೆ ಇಳಿದಿರಬಹುದು. ಆಗ ಯಾವ ಹನಿಯನ್ನೂ ಹಾಕದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಕಿವಿಯ ಹಾಳೆ ರಕ್ತ ತುಂಬಿ ಕಡುಬಿನಂತೆ ಊದಿದರೆ ಸೂಜಿಯಿಂದ ಚುಚ್ಚಬಾರದು.

ಮಳೆ ಮುಗಿದೊಡನೆ ಉಣುಗಿನ ಕಾಲ. ಬೆಟ್ಟ ಸುತ್ತಿ ಬಂದ ನಾಯಿಯ ಕಿವಿಯ ಮಡಿಕೆಯಲ್ಲಿ ಅವು ಗುಂಪಾಗಿ ಕಚ್ಚಿರುತ್ತವೆ. ಮಂಗನ ಕಾಯಿಲೆಯನ್ನು 1957ರಲ್ಲಿ ಗುರುತಿಸಿದ್ದು ಸಿದ್ದಾಪುರಕ್ಕೆ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ಸಿದ್ದಾಪುರದಲ್ಲೂ ಅದು ಜನರನ್ನು ಕಾಡಿತು. ಕಾಡಿನ ಉಣುಗು ನಾಯಿಯ ಮೈಮೇಲೆ ಮನೆಯೊಳಗೆ ಬರಬಹುದು. ಆದ್ದರಿಂದ ಅವನ್ನು ಬರಿಗೈಯಲ್ಲಿ ಕಿತ್ತು ಉಗುರಿನಿಂದ ಹೊಸಕಬಾರದು. ಕೈಗವಸು ಹಾಕಿ, ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರವಾಗಿ ಎಳೆದು, ಸಾಬೂನು ನೀರಿನ ಡಬ್ಬಿಗೆ ಹಾಕಿ ಮುಚ್ಚಬೇಕು.