ಕೋರ್ಟ್ ಸುದ್ದಿ ಮತ್ತು ಆದೇಶದ ಕೊನೆಯ ಪುಟ

2022ರ ಫೆಬ್ರುವರಿ 8ರಂದು ಶಿವಮೊಗ್ಗದ ಬಾಪೂಜಿನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಧ್ವಜಸ್ತಂಭಕ್ಕೆ ಕೇಸರಿ ಬಾವುಟ ಏರಿತು. ಕಾಲೇಜುಗಳಲ್ಲಿ ಹಿಜಾಬ್ ಧರಿಸುವ ಕುರಿತ ವಿವಾದ ಕಾವೇರಿದ್ದ ಹೊತ್ತು ಅದು. ಆದರೆ ದೇಶದುದ್ದಕ್ಕೂ ಹಬ್ಬಿದ್ದು ಬೇರೆಯೇ ಸುದ್ದಿ: ರಾಷ್ಟ್ರಧ್ವಜ ಇಳಿಸಿ ಕೇಸರಿ ಹಾರಿಸಿದರು ಅಂತ. ಆ ಕಂಬದಲ್ಲಿ ಆಗ ರಾಷ್ಟ್ರಧ್ವಜ ಇರಲೇ ಇಲ್ಲ ಎಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಸ್ಪಷ್ಟನೆ ಕೊಡಬೇಕಾಯಿತು. ಕಾಲೇಜಿನ ಕಂಬಕ್ಕೆ ಅಂಥ ಬಾವುಟ ಕಟ್ಟಿದ್ದೇ ಸಾಕಷ್ಟು ದೊಡ್ಡ ತಪ್ಪಾಗಿತ್ತು. ಆಗದ ಸಂಗತಿಯನ್ನು ಅದಕ್ಕೆ ಸೇರಿಸಿದ್ದರಿಂದ, ಆದ ಸಂಗತಿಯ ಬಗ್ಗೆ ನಡೆಯಬೇಕಿದ್ದ ಮಾತು ನಡೆಯಲೇ ಇಲ್ಲ. ಒಂದು ಗುಂಪು "ನೋಡಿ, ಎಲ್ಲಾ ಸುಳ್ಳು" ಎಂದು ಕೈ ತೊಳೆದುಕೊಂಡಿತು.

ನಾನು ಶಿವಮೊಗ್ಗ, ಭದ್ರಾವತಿ ಕೋರ್ಟುಗಳಲ್ಲಿ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದವನು. ಕಡತ ಬಿಚ್ಚಿ ನೋಡದೆ ಮಾತಾಡಬಾರದು ಎನ್ನುವುದು ಆ ಕುರ್ಚಿ ಕಲಿಸಿದ ಅಭ್ಯಾಸ. ಈಗ ಶಿವಮೊಗ್ಗದ ನವುಲೆಯಲ್ಲಿ ಬೆಳಗಿನ ವಾಕಿಂಗ್ ಗೆಳೆಯರು ಮೊಬೈಲಿಗೆ ಬಂದ ಕೋರ್ಟ್ ಸುದ್ದಿಯನ್ನು ಮುಂದೆ ಹಿಡಿದು, "ಸಾರ್, ಇದು ನಿಜಾನಾ? ಇವರು ಯಾವ ಪಾರ್ಟಿ ಕಡೆಯವರು?" ಎಂದು ಕೇಳುತ್ತಾರೆ. ಲೈವ್‌ಲಾ, ಬಾರ್ ಅಂಡ್ ಬೆಂಚ್‌ನಂಥ ಸ್ವತಂತ್ರ ಕಾನೂನು ಸುದ್ದಿತಾಣಗಳು ಬಂದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಬಾರ್ ಅಂಡ್ ಬೆಂಚ್ ಕನ್ನಡದಲ್ಲೂ ಬರುತ್ತದೆ. ನಾನು ಹೇಳುವುದಿಷ್ಟೇ: ನೀವು ಕೇಳಿದ್ದು ಎರಡು ಪ್ರಶ್ನೆ, ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಒಲವಿರುವ ಪತ್ರಕರ್ತ ನಿಖರವಾಗಿ ಬರೆಯಬಲ್ಲ. ಯಾವ ಪಕ್ಷಕ್ಕೂ ಸೇರದವನು ಆದೇಶ ಓದದೆಯೇ ಬರೆದುಬಿಡಬಲ್ಲ.

ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನ ಪ್ರಕರಣವನ್ನೇ ನೋಡಿ. 2024ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ರಾಜ್ಯಪಾಲರ ಆದೇಶವನ್ನು ಪ್ರಶ್ನಿಸಿ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಸಲ್ಲಿಸಿದ್ದ ಅರ್ಜಿ ವಜಾ ಮಾಡಿದರು. "ಪ್ರಾಸಿಕ್ಯೂಷನ್‌ಗೆ ಹೈಕೋರ್ಟ್ ಅಸ್ತು" ಎಂಬ ಧಾಟಿಯಲ್ಲಿ ಮಾತು ಹಬ್ಬಿತು. ಆ ಆಗಸ್ಟ್‌ನಲ್ಲಿ ಬಂದಿದ್ದ ರಾಜ್ಯಪಾಲರ ಆದೇಶದಲ್ಲಿ ಎರಡು ಸಂಗತಿಗಳಿದ್ದವು. ಒಂದು, ಭ್ರಷ್ಟಾಚಾರ ತಡೆ ಕಾಯ್ದೆಯ 17ಎ ಕಲಂ ಅಡಿ ತನಿಖೆಗೆ ಅನುಮೋದನೆ. ಇನ್ನೊಂದು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 218ನೇ ಕಲಂ ಅಡಿ ಪ್ರಾಸಿಕ್ಯೂಷನ್ ಮಂಜೂರಾತಿ. ಹೈಕೋರ್ಟ್ ಆ ಆದೇಶವನ್ನು 17ಎಗೆ ಮಾತ್ರ ಸೀಮಿತಗೊಳಿಸಿ ಎತ್ತಿಹಿಡಿಯಿತು. ಅಂದರೆ ತನಿಖೆ ನಡೆಯಲಿ ಎಂದಿತು, ಅಷ್ಟೇ. ಅರ್ಜಿ ವಜಾ ಆದದ್ದೂ ನಿಜ, ಪ್ರಾಸಿಕ್ಯೂಷನ್‌ ಮಂಜೂರಾತಿಗೆ ಮುದ್ರೆ ಬೀಳದಿದ್ದದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ, ಯಾವುದನ್ನು ಬಿಟ್ಟರೋ ಅದರಿಂದಲೇ ಬರೆದವರ ಒಲವು ತಿಳಿಯುತ್ತದೆ.

ಇದೇ ತಕ್ಕಡಿಯಲ್ಲಿ ನಮ್ಮ ಜಿಲ್ಲೆಯವರೇ ಆದ ಬಿ.ಎಸ್. ಯಡಿಯೂರಪ್ಪನವರ ವಿರುದ್ಧದ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣವನ್ನೂ ಇಟ್ಟು ನೋಡಬೇಕು. 2025ರ ಫೆಬ್ರುವರಿ 7ರಂದು ಅದೇ ನ್ಯಾಯಮೂರ್ತಿಗಳ ಪೀಠ, ವಿಚಾರಣಾ ನ್ಯಾಯಾಲಯ ಕಾಗ್ನಿಜೆನ್ಸ್ ತೆಗೆದುಕೊಂಡಿದ್ದ, ಅಂದರೆ ಅಪರಾಧವನ್ನು ವಿಚಾರಣೆಗೆ ಪರಿಗಣಿಸಿದ್ದ, ಆದೇಶವನ್ನಷ್ಟೇ ರದ್ದು ಮಾಡಿ, ವಿಷಯವನ್ನು ಮತ್ತೆ ಕೆಳಗಿನ ಕೋರ್ಟಿಗೆ ಕಳಿಸಿತು. ತನಿಖೆ, ಅಂತಿಮ ವರದಿ ಎರಡೂ ಉಳಿದವು. "ಕೇಸೇ ಹೋಯ್ತಂತಲ್ಲ" ಎಂದು ನಮ್ಮ ಬೀದಿಯಲ್ಲಿ ಮಾತಾಡಿಕೊಂಡರು. ಮುಡಾ ಆದೇಶದಲ್ಲಿ ಕೂದಲು ಸೀಳಿ ವ್ಯತ್ಯಾಸ ತೋರಿಸಿದ ತಾಣ ಇಲ್ಲೂ ಅದೇ ಶ್ರಮ ಪಟ್ಟಿದೆಯೇ? ಒಲವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ತಮಗೆ ಒಗ್ಗದ ತೀರ್ಪನ್ನು ಒಬ್ಬರು ಹೇಗೆ ವರದಿ ಮಾಡುತ್ತಾರೆ ಎಂಬುದನ್ನು ನೋಡಿ. ಸಂಪಾದಕೀಯದಲ್ಲಿ ಅವರು ಏನಾದರೂ ಬರೆದುಕೊಳ್ಳಲಿ, ಅದು ಅವರ ಹಕ್ಕು.

ಇನ್ನು ಭಿನ್ನ ತೀರ್ಪುಗಳ ಪಾಡು. ಕಾಲೇಜುಗಳಲ್ಲಿನ ಹಿಜಾಬ್ ನಿರ್ಬಂಧವನ್ನು ಎತ್ತಿಹಿಡಿದು ಹೈಕೋರ್ಟಿನ ತ್ರಿಸದಸ್ಯ ಪೀಠ 2022ರ ಮಾರ್ಚ್ 15ರಂದು ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾಗೊಳಿಸಿದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಪುರಸ್ಕರಿಸಿದರು. ವಿಷಯ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. ಅವತ್ತು ನನ್ನ ಮೊಬೈಲಿಗೆ ಗುಪ್ತಾ ಅವರ ಸಾಲುಗಳು ಒಂದು ಗುಂಪಿನಿಂದ, ಧುಲಿಯಾ ಅವರ ಸಾಲುಗಳು ಇನ್ನೊಂದು ಗುಂಪಿನಿಂದ ಬಂದವು. ಸುಳ್ಳು ಒಂದೂ ಇರಲಿಲ್ಲ. ಎರಡನ್ನೂ ಒಟ್ಟಿಗೆ ಓದಿದವರು ಮಾತ್ರ ಕಡಿಮೆ.

ಹೈಕೋರ್ಟ್ ಕಲಾಪದ ನೇರ ಪ್ರಸಾರ ಶುರುವಾದ ಮೇಲೆ ಇನ್ನೊಂದು ತೊಡಕು ಬಂದಿದೆ. ವಕೀಲರನ್ನು ಕೆಣಕಲು ನ್ಯಾಯಮೂರ್ತಿಗಳು ಕೇಳುವ ಪ್ರಶ್ನೆಯೇ "ಹೈಕೋರ್ಟ್ ತರಾಟೆ" ಆಗಿಬಿಡುತ್ತದೆ. ಮೌಖಿಕ ಮಾತು ಆರ್ಡರ್ ಶೀಟಿಗೆ ಬರುವವರೆಗೆ ಆದೇಶವಲ್ಲ. ಬೆಳಿಗ್ಗೆ ಸರ್ಕಾರಿ ವಕೀಲರನ್ನು ಗದರಿಸಿದ ನ್ಯಾಯಾಧೀಶರು ಮಧ್ಯಾಹ್ನ ಸರ್ಕಾರದ ಪರವಾಗಿಯೇ ಆದೇಶ ಬರೆಸಿದ್ದನ್ನು ನಾನು ಎದುರಲ್ಲೇ ಕುಳಿತು ನೋಡಿದ್ದೇನೆ. "ಛೀಮಾರಿ", "ಬಿಗ್ ರಿಲೀಫ್" ಎಂಬ ಪದ ಕಂಡ ಕೂಡಲೇ ನಾನು ಕೇಸ್ ನಂಬರ್ ಹುಡುಕುತ್ತೇನೆ. ವರದಿಯಲ್ಲಿ ನಂಬರ್, ಪೀಠದ ಹೆಸರು, ಎರಡೂ ಕಡೆಯ ವಾದ, ಆದೇಶದ ಪ್ರತಿ ಇದ್ದರೆ ಆ ವರದಿಗಾರ ತನ್ನನ್ನು ಪರೀಕ್ಷೆಗೆ ಒಡ್ಡಿಕೊಂಡಿದ್ದಾನೆ ಎಂದು ಗೌರವಿಸುತ್ತೇನೆ. ಕಾನೂನು ಸುದ್ದಿತಾಣಗಳ ದೊಡ್ಡ ಉಪಕಾರವೇ ಇದು: ಪ್ರತಿಯನ್ನು ಲಗತ್ತಿಸುತ್ತವೆ. ವಾದಿಯ ವಕೀಲರ ಮಾತನ್ನೇ ಕೋರ್ಟಿನ ಮಾತೆಂಬಂತೆ ಬರೆದಿದ್ದರೆ, ಬರೆದವರು ಎಷ್ಟೇ ಹೆಸರುವಾಸಿಯಾಗಿರಲಿ, ನಾನು ನಂಬುವುದಿಲ್ಲ.

ಹೈಕೋರ್ಟಿನ ವೆಬ್‌ಸೈಟ್, ಇ-ಕೋರ್ಟ್ಸ್ ಆ್ಯಪ್ ಎರಡೂ ಉಚಿತ. ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಭದ್ರಾವತಿ ಕೋರ್ಟಿನ ಜಮೀನು ವ್ಯಾಜ್ಯದ ಸ್ಥಿತಿಯೂ ತೆರೆದುಕೊಳ್ಳುತ್ತದೆ. ಆದೇಶ ನೂರು ಪುಟ ಇದ್ದರೂ ಹೆದರಬೇಡಿ. ಕೋರ್ಟ್ ಕೊನೆಗೆ ಏನು ಮಾಡಿತು ಎನ್ನುವುದು ಕೊನೆಯ ಒಂದೆರಡು ಪುಟದಲ್ಲೇ ಇರುತ್ತದೆ. ನಿಮ್ಮ ಪಕ್ಷಕ್ಕೆ ಖುಷಿ ಕೊಡುವ ಕೋರ್ಟ್ ಸುದ್ದಿ ಬಂದಾಗಲಂತೂ, ಅದನ್ನು ಮುಂದೆ ಕಳಿಸುವ ಮೊದಲು ಆ ಪುಟ ತೆರೆದು ಓದಿ.